ಮೈದಾ ಅಂಟಿನ ರೂಟರ್

ನನಗೆ ಮೊಳೆ ಹೊಡೆಯಲು ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಟ್ಟರೆ ನಿಮಗೂ ನನಗೂ ನೆಮ್ಮದಿ. ಗೋಡೆಗೆ ಕ್ಯಾಲೆಂಡರ್ ನೇತುಹಾಕಲು ಹೋಗಿ ಗೋಡೆಗೇ ಕಿಟಕಿ ಕೊರೆದ ಪುಣ್ಯಾತ್ಮ ಎಂದು ನನ್ನ ಹೆಂಡತಿ ಸ್ಮಿತಾ ಮನೆಗೆ ಬಂದವರಿಗೆಲ್ಲ ನನ್ನನ್ನು ಪರಿಚಯಿಸುತ್ತಾಳೆ. ಅದು ಶುದ್ಧ ಉತ್ಪ್ರೇಕ್ಷೆ. ಕಿಟಕಿಯಲ್ಲ, ಒಂದು ಗುಬ್ಬಚ್ಚಿ ಆರಾಮಾಗಿ ಸಂಸಾರ ಹೂಡಬಹುದಾದಷ್ಟು ಗೂಡು, ಅಷ್ಟೆ. ಇಲ್ಲಿ ಐರ್ಲೆಂಡಿನಲ್ಲಿ ಗೋಡೆಗಳು ಒಳಗೆ ಟೊಳ್ಳು. ಅದಕ್ಕೆ ನಾನೇನು ಮಾಡಲಿ?

ಆದರೂ ನಾನು ಎಂಜಿನಿಯರ್. ವರ್ಕ್ ಪರ್ಮಿಟ್ ಹಾಗೆನ್ನುತ್ತದೆ, ಕತ್ತಿನಲ್ಲಿ ನೇತಾಡುವ ಆಫೀಸಿನ ಐಡಿ ಕಾರ್ಡು ಹಾಗೆನ್ನುತ್ತದೆ, ಮದುವೆಗೆ ಮುಂಚೆ ಸ್ಮಿತಾಳ ಅಪ್ಪನಿಗೆ ನಮ್ಮಮ್ಮನೂ ಹಾಗೇ ಹೇಳಿದ್ದಳು. ದಿನಾ ಬೆಳಗ್ಗೆ ಆಡಮ್ಸ್‌ಟೌನಿನಲ್ಲಿ ರೈಲು ಹತ್ತಿ ಡಬ್ಲಿನ್ನಿಗೆ ಹೋಗುತ್ತೇನೆ. ಯಾರೋ ಯಾವಾಗಲೋ ಬರೆದಿಟ್ಟ ಪ್ರೋಗ್ರಾಮಿನಲ್ಲಿ ಒಂದು ಸಾಲು ಬದಲಾಯಿಸುತ್ತೇನೆ. ಬದಲಾಯಿಸಿದ್ದು ಸರಿಯೇ ಎಂದು ಅಕ್ಕಪಕ್ಕದವರನ್ನು ಕೇಳುತ್ತೇನೆ. ಅವರು ಹೂಂ ಅಂದರೆ ಮನೆಗೆ ಬರುತ್ತೇನೆ, ಉಹೂಂ ಅಂದರೆ ಮೊದಲಿದ್ದಂತೆಯೇ ಮಾಡಿಟ್ಟು ಮನೆಗೆ ಬರುತ್ತೇನೆ. ಇದು ಎಂಥ ಎಂಜಿನಿಯರಿಂಗು ಎಂಬ ಗುಟ್ಟು ಗೊತ್ತಿಲ್ಲದವಳು ನಮ್ಮ ಮನೆಯಲ್ಲಿ ಒಬ್ಬಳೇ ಇದ್ದಳು. ಅವಳು ಎಂಟು ವರ್ಷದ ಮಗಳು ಅದಿತಿ. ಎಂಜಿನಿಯರ್ ಎಂದರೆ ಕೈಯಲ್ಲಿ ಏನಾದರೂ ಮಾಡುವವನು ಎಂದು ಆ ಮಗು ನಂಬಿತ್ತು.

ಆ ನಂಬಿಕೆಗೆ ಕುತ್ತು ಬಂದದ್ದು ಹ್ಯಾಲೋವೀನಿನಿಂದ. ಅಕ್ಟೋಬರಿನ ಕೊನೆಯ ದಿನ ಇಲ್ಲಿ ಮಕ್ಕಳೆಲ್ಲ ವೇಷ ಹಾಕಿಕೊಂಡು ಮನೆಮನೆಯ ಬಾಗಿಲು ತಟ್ಟಿ ಮಿಠಾಯಿ ವಸೂಲಿ ಮಾಡುತ್ತಾರೆ. ಹೋದ ವರ್ಷ ನಾವು ಸೂಪರ್‌ಮಾರ್ಕೆಟ್ಟಿನಿಂದ ಒಂದು ಮಾಟಗಾತಿ ಡ್ರೆಸ್ ತಂದಿದ್ದೆವು. ಬಡಾವಣೆಯ ಅರ್ಧ ಜನ ಅದನ್ನೇ ತಂದಿದ್ದರು. ಕತ್ತಲಲ್ಲಿ ನಾನು ಒಬ್ಬ ಮಾಟಗಾತಿಯ ಕೈ ಹಿಡಿದು ಒಂದು ಬೀದಿ ಪೂರ್ತಿ ನಡೆದು, ‘ಸಾಕು ಬಾ ಮನೆಗೆ, ಸಾರು ಆರಿಹೋಗುತ್ತೆ’ ಎಂದಾಗ ಅದು ಗಾಬರಿಯಿಂದ ನನ್ನ ಮುಖ ನೋಡಿತು. ಅದು ಬೇರೆಯವರ ಮಗಳು. ಅವರಪ್ಪ ಹಿಂದೆಯೇ ನಗುತ್ತ ಬರುತ್ತಿದ್ದದ್ದು ನನ್ನ ಪುಣ್ಯ.

ಅದಕ್ಕೇ ಈ ವರ್ಷ ಅದಿತಿ ಮೊದಲೇ ತೀರ್ಮಾನಿಸಿದ್ದಳು. ಅಂಗಡಿ ವೇಷ ಬೇಡ, ಮನೆಯಲ್ಲೇ ಮಾಡಿದ್ದು ಬೇಕು, ಅದೂ ಬೇರೆ ಯಾರ ಹತ್ತಿರವೂ ಇರದಂಥದ್ದು.

‘ಅಪ್ಪಾ, ಐ ವಾಂಟ್ ಟು ಬಿ ಎ ರೂಟರ್’ ಅಂದಳು. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ, ಅದೂ ಅಚ್ಚ ಐರಿಶ್ ಧಾಟಿಯಲ್ಲಿ ಉತ್ತರ ಕೊಡುವುದು ಅವಳ ಪದ್ಧತಿ.

‘ರೂಟರ್ರಾ? ವೈ-ಫೈ ರೂಟರ್ರಾ? ಭೂತ ಗೀತ ಆಗೋದು ಬಿಟ್ಟು?’

ಅವಳ ವಾದ ಸರಳವಾಗಿತ್ತು. ಈ ಹಬ್ಬದಲ್ಲಿ ಎಲ್ಲರನ್ನೂ ಹೆದರಿಸಬೇಕು. ಭೂತ ನೋಡಿ ಅಮ್ಮ ಹೆದರುವುದಿಲ್ಲ, ಅಸ್ಥಿಪಂಜರ ನೋಡಿ ಅಪ್ಪ ಹೆದರುವುದಿಲ್ಲ. ರೂಟರಿನ ಕೆಂಪು ದೀಪ ಹತ್ತಿದರೆ ಮಾತ್ರ ಇಬ್ಬರೂ ಅಯ್ಯೋ ಎಂದು ಕಿರುಚಿಕೊಂಡು ಮಹಡಿಯಿಂದ ಓಡಿ ಬರುತ್ತಾರೆ. ಆಮೇಲೆ ಅವಳು ನನ್ನ ತಲೆಯ ಮೇಲೆ ಕಲ್ಲು ಹಾಕಿದಳು. ‘ಐ ಟೋಲ್ಡ್ ಎವ್ರಿವನ್ ಯು ಆರ್ ಮೇಕಿಂಗ್ ಇಟ್. ಯು ಆರ್ ಆ್ಯನ್ ಎಂಜಿನಿಯರ್, ಲೈಕ್.’ ತನ್ನಪ್ಪನೇ ಮಾಡುತ್ತಾನೆಂದು ಎಲ್ಲರಿಗೂ ಸಾರಿಬಿಟ್ಟಿದ್ದಳು. ಕೊನೆಯ ಆ ‘ಲೈಕ್’ಗೆ ಅರ್ಥವಿಲ್ಲ; ಅದು ಇಲ್ಲಿನ ಮಕ್ಕಳ ಪೂರ್ಣವಿರಾಮ.

ಸ್ಮಿತಾ ಅಡುಗೆಮನೆಯಲ್ಲಿ ಸದ್ದಿಲ್ಲದೆ ನಗುತ್ತಿದ್ದಳು. ಬೆನ್ನು ಅಲುಗುತ್ತಿದ್ದುದು ನನಗೆ ಕಾಣುತ್ತಿತ್ತು.

ಈ ಹಬ್ಬ ಹುಟ್ಟಿದ್ದೇ ತಮ್ಮಲ್ಲಿ ಎಂದು ಐರಿಶರಿಗೆ ಹೆಮ್ಮೆ. ಸುಗ್ಗಿ ಮುಗಿದು ಚಳಿಗಾಲ ಕಾಲಿಡುವ ಹೊತ್ತಿಗೆ ಸತ್ತವರ ಲೋಕದ ಬಾಗಿಲು ಸ್ವಲ್ಪ ತೆರೆದುಕೊಳ್ಳುತ್ತದಂತೆ. ಆಚೆಯಿಂದ ಬಂದವರಿಗೆ ಗುರುತು ಸಿಗಬಾರದೆಂದು ಜನ ಮುಖಕ್ಕೆ ಮಸಿ ಬಳಿದುಕೊಂಡು ವೇಷ ಹಾಕುತ್ತಿದ್ದರಂತೆ. ದೀಪ ಇಡಲು ಕೊರೆಯುತ್ತಿದ್ದದ್ದೂ ಟರ್ನಿಪ್ ಗೆಡ್ಡೆಯನ್ನಂತೆ. ಕುಂಬಳಕಾಯಿ ಆಮೇಲೆ ಅಮೆರಿಕದಿಂದ ಬಂದ ಫ್ಯಾಷನ್ನು. ನಮಗೆ ಇದಕ್ಕೆ ಕೆಲವೇ ವಾರ ಮುಂಚೆ ಪಿತೃಪಕ್ಷ ಬರುತ್ತದೆ. ನಾವು ಬಂದ ಹಿರಿಯರಿಂದ ತಪ್ಪಿಸಿಕೊಳ್ಳುವುದಿಲ್ಲ. ಎಲೆ ಹಾಕಿ ವಡೆ ಪಾಯಸ ಬಡಿಸಿ, ಕಾಗೆ ಮುಟ್ಟಿತೋ ಇಲ್ಲವೋ ಎಂದು ಕತ್ತೆತ್ತಿ ನಿಲ್ಲುತ್ತೇವೆ. ನನ್ನ ಮಟ್ಟಿಗೆ ಎರಡೂ ಉಪಚಾರ ದಂಡ. ಬೆಳಗ್ಗೆ ಎದ್ದು ಓಟ್ಸ್ ಗಂಜಿ ಕುಡಿದು, ಆಕಾಶ ನೋಡಿ ‘ಇವತ್ತು ಪರವಾಗಿಲ್ಲ’ ಎನ್ನುವ ನನ್ನನ್ನು ನಮ್ಮ ತಾತ ಯಾವ ವೇಷವಿಲ್ಲದೆಯೂ ಗುರುತು ಹಿಡಿಯಲಾರ.

ನನಗೆ ಗೊತ್ತಿದ್ದ ವೇಷ ಒಂದೇ. ಮೈಸೂರಿನಲ್ಲಿ ಎರಡನೇ ಕ್ಲಾಸಿನಲ್ಲಿದ್ದಾಗ ಶಾಲೆಯ ಛದ್ಮವೇಷ ಸ್ಪರ್ಧೆಗೆ ನಮ್ಮಮ್ಮ ನನ್ನನ್ನು ಬದನೆಕಾಯಿ ಮಾಡಿದ್ದಳು. ರಟ್ಟಿನ ಮೇಲೆ ನೇರಳೆ ಕಾಗದ, ತಲೆಗೆ ಹಸಿರು ತೊಟ್ಟು. ವೇದಿಕೆಯ ಮೇಲೆ ನಿಂತು ‘ನಾನು ಬದನೆಕಾಯಿ, ತರಕಾರಿಗಳ ರಾಜ’ ಎಂದು ಶುರು ಮಾಡಿದವನು ಮುಂದಿನದು ಮರೆತು, ಅದನ್ನೇ ಮತ್ತೆ ಮತ್ತೆ ಹೇಳಿ ಸಮಾಧಾನಕರ ಬಹುಮಾನವಾಗಿ ಒಂದು ಸೋಪಿನ ಡಬ್ಬಿ ಗೆದ್ದೆ. ಅಮ್ಮನ ಪ್ರಕಾರ ಅದು ನನ್ನ ಜೀವನದ ಮೊದಲ ಸಾಧನೆ. ಆಮೇಲಿನದ್ದನ್ನು ಅವಳು ಅಷ್ಟಾಗಿ ಹೇಳುವುದಿಲ್ಲ.

ಹಾಗಾಗಿ ವಿಡಿಯೊ ಕಾಲ್ ಮಾಡಿ ಅಮ್ಮನನ್ನೇ ಕೇಳಿದೆ.

‘ಮೈದಾ ಅಂಟು ಹಾಕೋ. ಅಂಗಡಿ ಗೋಂದೆಲ್ಲ ಒಂದು ದಿನದ್ದು. ನಿನ್ನ ಬದನೆಕಾಯಿ ಅಟ್ಟದ ಮೇಲೆ ವರ್ಷಗಟ್ಟಲೆ ಇತ್ತು, ಒಂದು ಕಾಗದ ಎದ್ದಿರಲಿಲ್ಲ’ ಅಂದಳು. ‘ಗಂಟಾಗದೆ ಇರೋ ಹಾಗೆ ತಿರುವು. ಅದಾದ್ರೂ ಬರುತ್ತೆ ತಾನೆ?’

ಸ್ಮಿತಾ ಬಿಸಿ ಗೋಂದು ಕಾರುವ ಗ್ಲೂ ಗನ್ ತಂದುಕೊಟ್ಟಳು. ಅದರಲ್ಲಿ ಮೊದಲು ಅಂಟಿದ್ದು ನನ್ನ ಬೆರಳು. ಉಫ್ ಎಂದು ಊದಿಕೊಂಡು, ನಮ್ಮ ಪರಂಪರೆಯೇ ಮೇಲು ಎಂದು ಘೋಷಿಸಿ ಒಲೆಯ ಮೇಲೆ ಮೈದಾ ಇಟ್ಟೆ. ಪಕ್ಕದ ಮನೆಯವರ ಹೊಸ ಟೀವಿಯ ಡಬ್ಬ ಬೇಡಿ ತಂದು, ಕತ್ತಿಗೊಂದು, ಕೈಗೆರಡು ತೂತು ಕೊರೆದೆ. ಅದಕ್ಕೆ ಬಿಳಿ ಕಾಗದ ಹಚ್ಚಿದೆ. ದೀಪಾವಳಿಗೆ ಕಿಟಕಿಗೆ ಹಾಕುವ ಬ್ಯಾಟರಿಯ ಸೀರಿಯಲ್ ಸೆಟ್ಟನ್ನು ಮುಂದೆ ಸಾಲಾಗಿ ಕೂರಿಸಿದೆ. ಹೇರ್‌ಬ್ಯಾಂಡಿಗೆ ಎರಡು ಕಾಗದದ ಕೊಳವೆ ಸಿಕ್ಕಿಸಿ ಆಂಟೆನಾ ಮಾಡಿದೆ. ಮನೆಯೆಲ್ಲ ಗೋಡೆಗೆ ಪೋಸ್ಟರ್ ಹಚ್ಚುವವರ ಬಕೆಟ್ಟಿನ ವಾಸನೆ. ಮೈಸೂರಿನಲ್ಲಿ ಮಧ್ಯಾಹ್ನದೊಳಗೆ ಗರಿಗರಿಯಾಗುತ್ತಿದ್ದ ಅಂಟು ಇಲ್ಲಿ ದಿನಗಟ್ಟಲೆ ಹಸಿಹಸಿಯಾಗಿಯೇ ಇತ್ತು. ಮನೆ ಬಿಸಿ ಮಾಡುವ ರೇಡಿಯೇಟರ್ ಮೇಲಿಟ್ಟೆ, ಹೇರ್ ಡ್ರೈಯರ್ ಹಿಡಿದೆ, ಕೊನೆಗೆ ಅದರ ಮುಂದೆ ಕೂತು ಬೀಸಣಿಗೆಯಲ್ಲೂ ಬೀಸಿದೆ. ಅಂತೂ ಒಣಗಿತು. ಸ್ವಿಚ್ ಒತ್ತಿದರೆ ಹಸಿರು ದೀಪಗಳು ಮಿಣಮಿಣ ಅಂದವು. ನಿಜ ಹೇಳುತ್ತೇನೆ, ನನ್ನ ಕಣ್ಣಲ್ಲಿ ನೀರು ಬಂತು. ನಾನು ಮಾಡಿದ್ದೊಂದು ಮುಟ್ಟಿ ನೋಡುವ ಹಾಗಿದ್ದದ್ದು ಅದೇ ಮೊದಲು.

ಸ್ಮಿತಾ ವೃತ್ತಿಯಿಂದ ಸಾಫ್ಟ್‌ವೇರ್ ಟೆಸ್ಟರ್. ಅನ್ಯರು ಮಾಡಿದ್ದರಲ್ಲಿ ಹುಳುಕು ಹುಡುಕಿದರೇ ಅವಳಿಗೆ ಸಂಬಳ. ಮನೆಯಲ್ಲಿ ಪುಕ್ಕಟೆ ಮಾಡುತ್ತಾಳೆ. ಡಬ್ಬದ ಸುತ್ತ ಒಂದು ಸುತ್ತು ಬಂದಳು.

‘ಮಳೇಲಿ ಟೆಸ್ಟ್ ಮಾಡಿದ್ಯಾ?’

‘ರೂಟರ್‌ನ ಯಾರಾದ್ರೂ ಮಳೇಲಿ ಇಡ್ತಾರೇನೇ?’

‘ಈ ರೂಟರ್ ಬೀದಿ ಸುತ್ತುತ್ತೆ ಮಾರಾಯ. ಇದು ಐರ್ಲೆಂಡು.’

‘ಫೋರ್‌ಕಾಸ್ಟ್ ನೋಡಿದೀನಿ. ಒಣ ಹವೆ ಅಂತ ಇದೆ’ ಎಂದೆ. ಈ ದೇಶದಲ್ಲಿ ಇಷ್ಟು ವರ್ಷ ಇದ್ದು ಈ ಮಾತು ಆಡಿದವನು ಭೂಮಿಯ ಮೇಲೆ ನಾನೊಬ್ಬನೇ ಇರಬೇಕು.

ಇದರ ಮೇಲೆ ಇನ್ನೊಂದು ಕೆಲಸ ಮಾಡಿದೆ. ವೇಷ ಅಂದಮೇಲೆ ಮಾತು ಬೇಡವೇ? ‘ನಾನು ರೂಟರ್, ನಿಮ್ಮ ಮನೆಯ ಬೆಳಕು’ ಎಂದು ಶುರುವಾಗುವ ಭಾಷಣ ಸಿದ್ಧಪಡಿಸಿ ಅದಿತಿಗೆ ಹೇಳಿಕೊಡಲು ಹೋದೆ. ಇಲ್ಲಿ ಯಾರೂ ಭಾಷಣ ಮಾಡುವುದಿಲ್ಲ, ‘ಟ್ರಿಕ್ ಆರ್ ಟ್ರೀಟ್’ ಅಂದರೆ ಸಾಕು, ಇನ್ನು ನನ್ನ ಮಾನ ತೆಗೆಯಬೇಡ ಎಂದು ಕೈ ಮುಗಿದಳು.

ಆ ಸಂಜೆ ರೈಲಿನಿಂದಿಳಿದವನು ಓಡಿಕೊಂಡೇ ಬಂದೆ. ಕತ್ತಲಾಗಿತ್ತು. ಗೇಟಿನ ಮುಂದೆ ಅದಿತಿಯ ಗೆಳತಿ ಈಫಾ ಮತ್ತು ಅವಳ ತಂಡ ಕಾಯುತ್ತಿತ್ತು. ಎಲ್ಲ ಮಕ್ಕಳಿಗೂ ವೇಷದ ಮೇಲೆ ತಾಯಂದಿರು ರೇನ್‌ಕೋಟ್ ತೊಡಿಸಿದ್ದರು. ರಾಜಕುಮಾರಿ, ರಾಕ್ಷಸ, ಕಪ್ಪು ಬೆಕ್ಕು, ಎಲ್ಲರೂ ರೇನ್‌ಕೋಟಿನಲ್ಲಿ. ಪಾಪ, ಕಷ್ಟಪಟ್ಟ ವೇಷ ಯಾರಿಗೂ ಕಾಣುವುದಿಲ್ಲವಲ್ಲ ಎಂದು ಮರುಗಿದೆ. ನಮ್ಮ ಬಾಗಿಲು ತೆರೆಯಿತು. ಮಿಣಮಿಣ ಎನ್ನುತ್ತ ರೂಟರ್ ಹೊರಗೆ ಬಂತು. ಮಕ್ಕಳೆಲ್ಲ ಓ ಎಂದರು. ಈಫಾ ಆಂಟೆನಾ ಮುಟ್ಟಿ ನೋಡಿದಳು. ಅದಿತಿ ತಿರುಗಿ ನನ್ನ ಕಡೆ ಒಂದು ನೋಟ ಬೀರಿದಳು ನೋಡಿ, ಸಾಕು, ನನ್ನ ಡಿಗ್ರಿ ಆಗ ಕೈಗೆ ಬಂತು.

ಎರಡು ಮನೆ ದಾಟುವಷ್ಟರಲ್ಲಿ ಜಿನುಗು ಹಿಡಿಯಿತು.

ಇದಕ್ಕೆ ಮಳೆ ಎನ್ನಲಾಗದು. ಕೊಡೆ ಬಿಚ್ಚಿದರೆ ಅವಮಾನ, ಬಿಚ್ಚದಿದ್ದರೆ ನೆಗಡಿ, ಅಂಥದ್ದು. ಆದರೆ ಮೈದಾ ಅಂಟಿಗೆ ಅಷ್ಟೇ ಸಾಕಿತ್ತು. ಮೊದಲು ಮುಂದಿನ ಕಾಗದ ಉಸಿರು ಬಿಟ್ಟ ಹಾಗೆ ಮೆಲ್ಲಗೆ ಜಾರಿತು. ಆಮೇಲೆ ಬದಿಯದು. ಅಂಟು ಮತ್ತೆ ಗಂಜಿಯಾಗಿ ಅವಳ ಶೂ ಮೇಲೆ ತೊಟ್ಟಿಕ್ಕಿತು. ಎಲ್ಲಿಂದಲೋ ಒಂದು ನಾಯಿ ಬಂದು ರೂಟರನ್ನು ಬಹಳ ಪ್ರೀತಿಯಿಂದ ನೆಕ್ಕತೊಡಗಿತು. ಅದನ್ನು ಓಡಿಸಲು ನಾನು ಹಚಾ ಹಚಾ ಎಂದರೆ ಐರಿಶ್ ನಾಯಿಗೆ ಅರ್ಥವಾಗಬೇಕಲ್ಲ! ಮುಂದಿನ ಮನೆಯ ಗೇಟಿನ ಬಳಿ ಬರುವಷ್ಟರಲ್ಲಿ ಕತ್ತಿನ ತೂತಿನಿಂದ ತಳದವರೆಗೆ ರಟ್ಟು ಸೀಳಿ, ಇಡೀ ಡಬ್ಬ ಪಸ್ ಎಂದು ನೆಲಕ್ಕೆ ಕುಸಿಯಿತು. ದೀಪಗಳು ಆರಿದವು. ಎರಡು ಆಂಟೆನಾ ತಲೆಯ ಮೇಲೆ, ಸತ್ತ ಸೀರಿಯಲ್ ಸೆಟ್ ಕತ್ತಿನಲ್ಲಿ, ನಡುವೆ ನನ್ನ ಮಗಳು.

‘ಅಪ್ಪಾ, ಇಟ್ಸ್ ಬ್ರೋಕನ್.’ ಕೆಳತುಟಿ ನಡುಗುತ್ತಿತ್ತು.

ಗೆಳತಿಯರೆಲ್ಲ ನೋಡುತ್ತಿದ್ದರು. ವೇಷ ಹೋದರೆ ಹೋಗಲಿ. ಇನ್ನೊಂದು ಕ್ಷಣದಲ್ಲಿ ಈ ಹುಡುಗಿಗೆ ತನ್ನಪ್ಪ ಎಂಥವನೆಂದು ಗೊತ್ತಾಗಿಬಿಡುತ್ತದಲ್ಲ ಎಂದು ಸಂಕಟವಾಯಿತು. ‘ಗ್ರ್ಯಾಂಡ್ ಕಣಮ್ಮಾ, ಗ್ರ್ಯಾಂಡ್. ಈಗ ಸರಿ ಮಾಡ್ತೀನಿ’ ಎಂದೆ. ಈ ದೇಶದಲ್ಲಿ ಚೆನ್ನಾಗಿದ್ದರೂ ಗ್ರ್ಯಾಂಡ್, ಮುಳುಗುತ್ತಿದ್ದರೂ ಗ್ರ್ಯಾಂಡ್. ಡಬ್ಬವನ್ನು ಎತ್ತಿ ಹೆಗಲಿಗೇರಿಸಿದೆ. ಗತ್ತಿಗೆಂದು ಜೇಬಿನಲ್ಲಿಟ್ಟುಕೊಂಡಿದ್ದ ಸ್ಕ್ರೂಡ್ರೈವರ್ ತೆಗೆದು, ಸ್ಕ್ರೂವೇ ಇಲ್ಲದ ರಟ್ಟನ್ನು ಅಲ್ಲಿ ಇಲ್ಲಿ ಒತ್ತಿದೆ. ಮೊಣಕೈವರೆಗೆ ಅಂಟು ಮೆತ್ತಿತು.

ಅಷ್ಟರಲ್ಲಿ ಈಫಾ ಗಂಟೆ ಒತ್ತಿಬಿಟ್ಟಿದ್ದಳು. ವಯಸ್ಸಾದ ಹೆಂಗಸೊಬ್ಬರು ಮಿಠಾಯಿ ಬುಟ್ಟಿ ಹಿಡಿದು ಬಾಗಿಲಿಗೆ ಬಂದು, ಎಲ್ಲರ ವೇಷ ಹೊಗಳಿ, ಕೊನೆಗೆ ಅದಿತಿಯ ಮುಂದೆ ಬಗ್ಗಿದರು. ‘ನೀನೇನಮ್ಮಾ ಆಗಿರೋದು?’ ಎಂದು ಇಂಗ್ಲಿಷಿನಲ್ಲಿ ಕೇಳಿದರು.

ಅದಿತಿ ಮೂಗು ಎಳೆದುಕೊಂಡಳು. ತನ್ನನ್ನೊಮ್ಮೆ ನೋಡಿಕೊಂಡಳು. ಗೇಟಿನ ಬಳಿ ನಿಂತ ನನ್ನನ್ನು ನೋಡಿದಳು. ನಾನು ಕಲಿಸಿದ ಭಾಷಣ ಮಾತ್ರ ಹೇಳದಿರಲಪ್ಪಾ ದೇವರೇ ಎಂದುಕೊಂಡೆ.

‘ಐಯಾಮ್ ದ ವೈ-ಫೈ’ ಅಂದಳು. ‘ಐಯಾಮ್ ಡೌನ್.’

ಆ ಅಜ್ಜಿ ನಕ್ಕ ನಗು ಬೀದಿಗೆಲ್ಲ ಕೇಳಿಸಿತು. ನಮ್ಮ ಬಡಾವಣೆಯಲ್ಲಿ ವೈ-ಫೈ ಇರುವುದಕ್ಕಿಂತ ಹೋಗುವುದೇ ಹೆಚ್ಚು. ಅದು ಬೀದಿಗೆಲ್ಲ ಸೇರಿದ ದುಃಖ. ಒಳಗಿನಿಂದ ಗಂಡನನ್ನೂ ಕೂಗಿ ಕರೆದರು. ಅವರು ಬಂದು ನೋಡಿ, ಇಂಥ ಭಯಂಕರ ವೇಷ ತಮ್ಮ ಜನ್ಮದಲ್ಲೇ ಕಂಡಿಲ್ಲವೆಂದು ಬಾಗಿಲಿಗೆ ಒರಗಿಕೊಂಡು ನಕ್ಕರು. ಆಮೇಲೆ ಅಜ್ಜಿಯ ಕಣ್ಣು ನನ್ನ ಮೇಲೆ ಬಿತ್ತು. ಕತ್ತಿನಲ್ಲಿ ತೆಗೆಯಲು ಮರೆತ ಐಡಿ ಕಾರ್ಡು, ಮೈಮೇಲೆ ಕತ್ತಲಲ್ಲಿ ಕಾರಿನವರಿಗೆ ಕಾಣಲೆಂದು ತೊಟ್ಟ ಹೊಳೆಯುವ ಹಳದಿ ಜಾಕೆಟ್ಟು, ಕೈಯಲ್ಲಿ ಸ್ಕ್ರೂಡ್ರೈವರ್, ಹೆಗಲ ಮೇಲೆ ಸತ್ತ ಡಬ್ಬ.

‘ಈತ ಯಾರು?’

‘ದ ಎಂಜಿನಿಯರ್’ ಅಂದಳು ಅದಿತಿ. ತುಟಿಯ ನಡುಕ ಹೋಗಿ ಅಲ್ಲೊಂದು ತುಂಟತನ ಬಂದಿತ್ತು. ‘ನನ್ನನ್ನ ರಿಪೇರಿ ಮಾಡೋಕೆ ಬಂದಿದಾರೆ.’

‘ಮಾಡಿದನಾ?’

‘ಇಲ್ಲ.’

‘ಹಾಗಾದ್ರೆ ಅಸಲಿ ಎಂಜಿನಿಯರ್ರೇ’ ಎಂದು ಅಜ್ಜಿ ನನಗೂ ಒಂದು ಹಿಡಿ ಮಿಠಾಯಿ ಕೊಟ್ಟರು.

ಅಲ್ಲಿಂದ ಮುಂದೆ ನನ್ನನ್ನು ಗೇಟಿನ ಹೊರಗೆ ನಿಲ್ಲಲು ಬಿಡಲಿಲ್ಲ. ಪ್ರತಿ ಬಾಗಿಲಲ್ಲೂ ವೈ-ಫೈ ಮುಂದೆ, ಎಂಜಿನಿಯರ್ ಹಿಂದೆ, ನಾಯಿ ಅದರ ಹಿಂದೆ. ಮಳೆ ಜೋರಾದಷ್ಟೂ ನಮ್ಮ ವೇಷಕ್ಕೆ ಕಳೆ ಏರುತ್ತ ಹೋಯಿತು. ಒಬ್ಬರು ಹೊಗಳಿದರು, ಇನ್ನೊಬ್ಬರು ಫೋಟೊ ತೆಗೆದರು, ಮತ್ತೊಬ್ಬರು ನಿಜವಾಗಿಯೂ ಒಳಗೆ ಬಂದು ತಮ್ಮ ರೂಟರ್ ನೋಡಲು ಕೇಳಿದರು. ನಾನು ಹೋಗಿ ಅದನ್ನು ಆಫ್ ಮಾಡಿ ಆನ್ ಮಾಡಿದೆ. ಸರಿಹೋಯಿತು! ಬಾಗಿಲಲ್ಲಿ ಮಕ್ಕಳು ಚಪ್ಪಾಳೆ ತಟ್ಟಿದರು. ಇಷ್ಟು ವರ್ಷ ಇದೇ ಐಡಿ ಕಾರ್ಡು ತೊಟ್ಟು ಓಡಾಡಿದ್ದೇನೆ, ಆಫೀಸಿನಲ್ಲಿ ಒಬ್ಬರೂ ನನಗೆ ಒಂದು ಪೆಪ್ಪರ್‌ಮಿಂಟ್ ಕೊಟ್ಟದ್ದಿಲ್ಲ.

ಕೊನೆಯ ಮನೆಯ ಯಜಮಾನರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ತಲೆದೂಗಿದರು. ಮಕ್ಕಳ ವೇಷವಿರಲಿ, ನಿಮ್ಮದು ಅದ್ಭುತ. ಐಡಿ ಕಾರ್ಡು ಕೂಡ ಥೇಟ್ ಅಸಲಿಯಂತೆಯೇ ಇದೆ, ಈ ಎಂಜಿನಿಯರ್ ವೇಷ ಎಲ್ಲಿ ಸಿಕ್ಕಿತು ಎಂದು ಕೇಳಿದರು.

ನಾನು ಬಾಯಿ ತೆರೆಯುವಷ್ಟರಲ್ಲಿ ಅದಿತಿ ನನ್ನ ಅಂಟಂಟು ಕೈ ಹಿಡಿದುಕೊಂಡು ಎದೆಯುಬ್ಬಿಸಿ ಉತ್ತರ ಕೊಟ್ಟಳು.

‘ಎಲ್ಲೂ ಸಿಗಲ್ಲ. ಹಿ ಮೇಡ್ ಇಟ್ ಹಿಮ್‌ಸೆಲ್ಫ್, ಲೈಕ್.’