ಕೊಡೆ ಹಿಡಿದು ಓಡಿದವರು

ಅರವತ್ತಾರನೇ ಇಸವಿ, ಗಾಂಧಿ ಜಯಂತಿಯ ಹಿಂದಿನ ದಿನ. ನಮ್ಮ ಮನೆಯಲ್ಲಿ ಅಂದು ವಿಶೇಷವಾದದ್ದೇನೂ ನಡೆಯಲಿಲ್ಲ. ನಮ್ಮವರು ಬೆಳಿಗ್ಗೆ ಗದ್ದೆಯ ನೀರು ನೋಡಿ ಬಂದರು, ಎತ್ತುಗಳ ಮೈ ತೊಳೆದರು, ಗಂಜಿ ಉಂಡರು. ನಾನು ಅವರ ಬಿಳಿ ಬನಿಯನ್ನಿಗೆ ಸೋಪು ಹಚ್ಚಿ ಒಗೆದು ಬೇಲಿಯ ಮೇಲೆ ಹರವಿದೆ. ಸಂಜೆ ಜಗುಲಿಯಲ್ಲಿ ಕೂತು ಅಂಗಾಲಿಗೆ ಹರಳೆಣ್ಣೆ ತಿಕ್ಕಿಕೊಳ್ಳುತ್ತ, "ಈ ಕಾಲು ಶಿವಮೊಗ್ಗದ ದಾರಿ ಹಿಡಿತದಾ ನೋಡಾಣ" ಎಂದರು. ನಾನು ನಕ್ಕೆ. ಯಾವ ಯೋಚನೆಯೂ ಇಲ್ಲದೆ ಕಳೆದ ನಮ್ಮ ಕೊನೆಯ ದಿನ ಅದು.

ಅವರ ಹೆಸರು ಚೌಡಪ್ಪ. ಬಾಯಲ್ಲಿ ನಾನು ಎಂದೂ ಹೇಳಿದವಳಲ್ಲ. ಬರೆಯುವುದಕ್ಕೆ ಅಡ್ಡಿಯಿಲ್ಲ ಎಂದುಕೊಂಡಿದ್ದೇನೆ. ನಮಗೆ ಮದುವೆಯಾಗಿ ಎರಡು ವರ್ಷವಾಗಿತ್ತು. ಹೊಸನಗರದಿಂದ ಸಾಗರಕ್ಕೆ ಹೋಗುವ ರಸ್ತೆಯ ಪಕ್ಕದ ಸಣ್ಣ ಊರು ನಮ್ಮದು. ಗೇಣಿಗೆ ಮಾಡುವ ಗದ್ದೆ, ಎರಡು ಎತ್ತು, ಅಷ್ಟೇ. ದಿನಕ್ಕೊಂದು ಬಸ್ಸು ಇತ್ತು, ಅದೂ ಬಂದರೆ ಬಂತು. ಇವರು ಬಸ್ಸು ಕಾಯುವವರಲ್ಲ. ಸಾಗರದಲ್ಲಿ ಕೆಲಸವಿದ್ದರೆ ಪಂಚೆ ಎತ್ತಿ ಕಟ್ಟಿ, ಅರ್ಧ ನಡಿಗೆ ಅರ್ಧ ಓಟದಲ್ಲಿ ಹೋಗಿ ಹೊತ್ತು ಇಳಿಯುವ ಮೊದಲೇ ಮನೆಗೆ ಬಂದುಬಿಡುತ್ತಿದ್ದರು.

ನಮ್ಮ ಕಡೆ ಪೇಟೆಗೆ ಹೊರಟವರ ಕೈಯಲ್ಲಿ ಇನ್ನೊಬ್ಬರ ಕೆಲಸ ಒಂದಾದರೂ ಇರುತ್ತಿತ್ತು. ಸೀಮೆಎಣ್ಣೆಯ ಡಬ್ಬ, ನೆಂಟರಿಗೆ ಒಂದು ಮಾತು, ಹೊಲಿಗೆಯ ಬಟ್ಟೆ. ಕೊಡುವವರಿಗೆ ಸಂಕೋಚವಿಲ್ಲ, ಒಯ್ಯುವವರಿಗೆ ಬೇಸರವಿಲ್ಲ. ಆದರೆ ಒಯ್ದವರು ವಾಪಸ್ಸು ಬರುವಾಗ ಆ ಮನೆಯ ಮುಂದೆ ನಿಂತು "ಮುಟ್ಟಿಸ್ದೆ" ಎಂದು ಹೇಳಿಯೇ ಮುಂದೆ ಹೋಗಬೇಕು. ಇವರು ಒಂದು ದಿನವೂ ಹೇಳದೆ ಬಂದವರಲ್ಲ.

ಆ ವರ್ಷ ಗಾಂಧಿ ಜಯಂತಿಗೆ ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕಿನವರಿಗೆ ಒಂದು ದೂರದ ಓಟ ಇಟ್ಟಿದ್ದರು. ಓಟಗಾರರನ್ನು ಲಾರಿಯಲ್ಲಿ ನಮ್ಮ ಊರಿನಿಂದ ಸ್ವಲ್ಪ ಆಚೆಗೆ ಒಯ್ದು ಬಿಡುವುದು, ಅಲ್ಲಿಂದ ಅವರು ಸಾಗರದ ಶಾಲೆಯ ಮೈದಾನದವರೆಗೆ ಓಡಿ ಬರುವುದು. ಇವರ ಹೆಸರು ಕೊಟ್ಟದ್ದು ನಮ್ಮ ಊರಿನ ಮೇಷ್ಟ್ರು. "ಮೊದಲ ಮೂವರಲ್ಲಿ ಬಂದ್ರೆ ಶಿವಮೊಗ್ಗಕ್ಕೆ ಕಳಿಸ್ತಾರೆ. ಅಲ್ಲೂ ಓಡಿದ್ರೆ ಪೊಲೀಸ್ ಕೆಲಸ ಸಿಗಬೌದು ಕಣಯ್ಯ" ಎಂದಿದ್ದರು. ಅಂದಿನಿಂದ ನಾನು ಮನಸ್ಸಿನಲ್ಲೇ ಶಿವಮೊಗ್ಗದಲ್ಲಿ ಸಂಸಾರ ಹೂಡಿದ್ದೆ. ಹಿತ್ತಲಲ್ಲಿ ನಲ್ಲಿ ಇರುವ ಮನೆ. ಇವರು ಸೊಪ್ಪಿಗೆ, ತರಗೆಲೆಗೆ ಕಾಡು ಹತ್ತುವುದು ತಪ್ಪಿದರೆ ಸಾಕು ಎಂದಿತ್ತು ನನಗೆ.

ಓಟದ ದಿನ ನಾನು ಪಕ್ಕದ ಮನೆಯವರ ಗಾಡಿಯಲ್ಲಿ ಬೇಗನೆ ಹೊರಟು ಮೈದಾನ ಸೇರಿದೆ. ಸುಣ್ಣದಲ್ಲಿ ಗೆರೆ ಎಳೆದಿದ್ದರು, ಅಡ್ಡಲಾಗಿ ಒಂದು ಟೇಪು ಹಿಡಿದಿದ್ದರು. ನನ್ನ ಮಡಿಲಲ್ಲಿ ಅವಲಕ್ಕಿಯ ಗಂಟು, ಚೊಂಬಿನಲ್ಲಿ ಮಜ್ಜಿಗೆ. ಮೊದಲು ಬಂದವನು ತೀರ್ಥಹಳ್ಳಿ ಕಡೆಯ ಹುಡುಗ. ಚಪ್ಪಾಳೆಯಾಯಿತು. ಎರಡನೆಯವನು ಬಂದ, ಮೂರನೆಯವನೂ ಬಂದ. ನಾನು ಆಮೇಲೆ ಎಣಿಸಲಿಲ್ಲ. ಎಲ್ಲರೂ ಬಂದು, ನಿಂಬೆಹಣ್ಣಿನ ಪಾನಕ ಕುಡಿದು, ನೆರಳಿನಲ್ಲಿ ಕಾಲು ಚಾಚಿದರು. ಇವರು ಮಾತ್ರ ಇಲ್ಲ.

ಸೈಕಲ್ಲಿನಲ್ಲಿ ಹಿಂದೆ ಮುಂದೆ ಓಡಾಡಿ ಓಟ ನೋಡಿಕೊಳ್ಳುತ್ತಿದ್ದವನೊಬ್ಬ ನನ್ನ ಮುಖ ನೋಡಿ ಹತ್ತಿರ ಬಂದ.

"ಅಕ್ಕಾ, ಇನ್ನೂ ಬರದೇ ಇರೋರು ನಿಮ್ಮೋರಾ? ಗಾಬ್ರಿ ಆಗ್ಬೇಡಿ, ಬರ್ತಾ ಇದಾರೆ. ಕಾಲಿಗೇನೂ ಆಗಿಲ್ಲ. ಮೊದ್ಲು ಎಲ್ಲರಿಗಿಂತ ಮುಂದೆ ಇದ್ದಿದ್ದೇ ಅವ್ರು. ಕಂಡ ಕಂಡ ಮನೆ ಮುಂದೆ ನಿಲ್ತಾರಲ್ಲ ಮಾರಾಯ್ರೆ!"

ಸುಮಾರು ಹೊತ್ತಾದ ಮೇಲೆ ಇವರು ಬಂದರು. ಬಗಲಲ್ಲಿ ಒಂದು ಹಳೆಯ ಕೊಡೆ, ಸೊಂಟಕ್ಕೆ ಸುತ್ತಿದ ಒಂದು ರವಿಕೆ ಬಟ್ಟೆ. ಟೇಪು ಆಗಲೇ ಸುತ್ತಿಟ್ಟಿದ್ದರು. ಆದರೂ ಗೆರೆ ದಾಟುವವರೆಗೂ ಓಡಿಯೇ ಬಂದರು. ಮೈದಾನದವರೆಲ್ಲ ಬಿದ್ದು ಬಿದ್ದು ನಕ್ಕರು.

"ಏನಯ್ಯ, ದಾರೀಲಿ ಮಳೆ ಬಂತಾ?" ಎಂದು ಒಬ್ಬ ಕೂಗಿದ.

"ಇಲ್ಲಾ, ಮದುವೆ ದಿಬ್ಬಣದ ಜೊತೆ ಬಂದಾನೆ" ಎಂದ ಇನ್ನೊಬ್ಬ.

ಇವರೂ ನಕ್ಕರು. ಮಜ್ಜಿಗೆ ಕುಡಿದು, ಬಾಯಿ ಒರೆಸಿಕೊಂಡು ನಿಧಾನವಾಗಿ ಹೇಳಿದರು. ಮೊದಲು ದಾರಿ ಬದಿಯ ಮನೆಯ ಮಂಜಪ್ಪಣ್ಣ ರಸ್ತೆಗೆ ಬಂದು, ಕಡ್ಡಿ ಮುರಿದಿದೆ, ರಿಪೇರಿಗೆ ಬಿಟ್ಟು ಹೋಗು ಎಂದು ಕೊಡೆ ಕೊಟ್ಟನಂತೆ. ಇನ್ನೊಂದು ಮನೆಯ ಮುಂದೆ ದರ್ಜಿಗೆ ಕೊಡಬೇಕಾದ ಬಟ್ಟೆ. ಅಳತೆಯ ರವಿಕೆ ಹುಡುಕಿ ತರುವವರೆಗೆ ಅಲ್ಲಿ ನಿಂತದ್ದು. ಅಲ್ಲಿಂದ ಮುಂದೆ ಗಂಗಮ್ಮನ ಮನೆ. ಗಂಗಮ್ಮನ ಮಗಳು ಸರೋಜ ಹೆರಿಗೆಗೆಂದು ಸಾಗರದ ಆಸ್ಪತ್ರೆಯಲ್ಲಿದ್ದಳು, ಗಂಡುಮಗುವಾಗಿತ್ತು. ಗಂಗಮ್ಮನಿಗೆ ಮಂಡಿನೋವು, ಗಾಡಿ ಹತ್ತುವಂತಿರಲಿಲ್ಲ. ಕರಡಿಗೆಯಲ್ಲಿ ಬಾಣಂತಿ ಖಾರ ತುಂಬಿಕೊಂಡು ಬೆಳಗಿನಿಂದ ದಾರಿ ಕಾಯುತ್ತಿದ್ದಳು.

"ಇವತ್ತು ಓಟ ಗಂಗಮ್ಮಾ, ನಿಲ್ಲಂಗಿಲ್ಲ" ಎಂದು ಇವರು ಹೇಳಿದರಂತೆ.

"ಓಟನೋ ಪಾಟನೋ, ಸಾಗರಕ್ಕೇ ಅಲ್ಲೇನಾ? ಓಡ್ಕಂಡೇ ಹೋಗಾ, ಬ್ಯಾಡ ಅಂದೋರ್ ಯಾರು! ಇದನ್ನ ಸರೋಜಂಗೆ ಕೊಟ್ಟು, ಕೂಸಿಗೆ ಹಾಲು ಸಾಕಾಗ್ತದಾ ಕೇಳ್ಕಂಡು ಬಾ."

ಸಾಗರ ಪೇಟೆಯ ಅಂಚಿಗೆ ಬರುವಾಗ ಇವರ ಹಿಂದೆ ಇನ್ನೂ ಇಬ್ಬರಿದ್ದರಂತೆ. ಇವರು ಆಸ್ಪತ್ರೆಯ ಕಡೆ ತಿರುಗಿದರು. ಅವರಿಬ್ಬರೂ ನೇರ ಹೋದರು.

"ಓಟ ಮುಗಿಸಿ ಹೋಗಬೌದಿತ್ತಲ್ಲ?" ಎಂದೆ.

"ಹೆಂಗೇ ಬಿಟ್ಟು ಹೋಗದು? ಆಸ್ಪತ್ರೆ ದಾರಿ ಮೇಲೇ ಇತ್ತು" ಎಂದರು. ಅವಲಕ್ಕಿಯ ಗಂಟು ಬಿಚ್ಚುತ್ತ, "ಬರೋ ವರ್ಷ ಓಡ್ತೀನಿ. ಆಗ ಮೊದ್ಲೇ ಎಲ್ಲರ ಮನೆಗೂ ಹೋಗಿ ಬ್ಯಾಡ ಅಂದ್ಬಿಡ್ತೀನಿ" ಎಂದರು. ಹಾಗೆ ಹೇಳುವವರಲ್ಲ ಎಂದು ನನಗೆ ಗೊತ್ತಿತ್ತು.

ಕೊಡೆಯನ್ನು ರಿಪೇರಿಗೆ, ಬಟ್ಟೆಯನ್ನು ದರ್ಜಿಗೆ ಕೊಟ್ಟು ವಾಪಸ್ಸು ಗಾಡಿಯಲ್ಲಿ ಬರುವಾಗ ಇವರು ಒಂದೊಂದು ಮನೆಯ ಮುಂದೆಯೂ ಇಳಿದು ಹೇಳಿ ಬಂದರು. ಗಂಗಮ್ಮ ಬಾಗಿಲಲ್ಲೇ ಇದ್ದಳು.

"ಮುಟ್ಟಿಸ್ದೆ ಗಂಗಮ್ಮಾ. ನನ್ನೆದುರೇ ಬಾಯಿಗೆ ಹಾಕ್ಕಂಡ್ಳು. ಅಮ್ಮ ಮೆಣಸು ಜಾಸ್ತಿ ಹಾಕ್ಯಾಳೆ ಅಂದ್ಳು. ಕೂಸು ಗಟ್ಟಿ ಹಾಲು ಕುಡಿತದಂತೆ, ಚಿಂತಿ ಮಾಡಬ್ಯಾಡ ಅಂದಾಳೆ."

"ಹುಟ್ಟಿದಾಗಿಂದ ನಾನು ಮಾಡಿದ್ದು ಒಂದಾದ್ರೂ ಸರಿ ಅಂದಾಳಾ ಅವ್ಳು!" ಎಂದು ಗಂಗಮ್ಮ ಜೋರಾಗಿ ನಕ್ಕಳು.

ಮೂರು ದಿನಕ್ಕೆ ಸರೋಜ ನಂಜು ಏರಿ ಆಸ್ಪತ್ರೆಯಲ್ಲೇ ತೀರಿಕೊಂಡಳು. ಮೆಣಸು ಜಾಸ್ತಿ ಎಂದದ್ದೇ ಮಗಳಿಂದ ಗಂಗಮ್ಮನಿಗೆ ಬಂದ ಕೊನೆಯ ಮಾತು. ಕೂಸನ್ನು ಅಜ್ಜಿಯ ಮಡಿಲಿಗೆ ತಂದು ಹಾಕಿದರು. ಅದಾದ ಮೇಲೆ ನಾನು ಓಟದ ವಿಷಯ ಎತ್ತಲಿಲ್ಲ.

ಇವರು ಮೊದಲಿನಂತೆಯೇ ಕಾಡು ಹತ್ತಿದರು. ಮುಂದಿನ ಬೇಸಿಗೆಯಲ್ಲಿ ನಮ್ಮ ಕಡೆ ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿವೆ ಎಂದು ಸುದ್ದಿಯಿತ್ತು. ಮಂಗನ ಕಾಯಿಲೆಯ ಹೆಸರೂ, ರಕ್ತ ಹೀರುವ ಉಣುಗು ಕಚ್ಚಿದರೆ ಅದು ಬರುತ್ತದೆ ಎಂಬುದೂ ಎಲ್ಲರಿಗೂ ಗೊತ್ತಿತ್ತು. ಆದರೆ ಕೊಟ್ಟಿಗೆಗೆ ಹಾಸಲು ತರಗೆಲೆ ಬೇಕು, ಒಲೆಗೆ ಸೌದೆ ಬೇಕು. ಕಾಡಿಗೆ ಹೋಗಬೇಡಿ ಎಂದು ಹೇಳಿದರೆ ಹೋಗದೆ ಇರುವವರು ಯಾರು? ಒಂದು ಸಂಜೆ ಇವರ ಕಾಲಿನಿಂದ ಉಣುಗು ಕಿತ್ತು ಒಲೆಗೆ ಹಾಕಿದ್ದು ನೆನಪಿದೆ. ಅದಾಗಿ ಕೆಲವು ದಿನಕ್ಕೆ ಜ್ವರ ಬಂತು. ಕಣ್ಣು ಕೆಂಪಾಯಿತು, ಸೊಂಟ ಎತ್ತಲಾಗಲಿಲ್ಲ. ಅಷ್ಟು ದೂರ ಓಡುತ್ತಿದ್ದವರು ಬಚ್ಚಲಿಗೆ ಗೋಡೆ ಹಿಡಿದು ಹೋದರು. ಗಾಡಿಯಲ್ಲಿ ಸಾಗರಕ್ಕೆ ಒಯ್ದೆವು. ಆಸ್ಪತ್ರೆಯವರು ಮಾಡುವುದನ್ನೆಲ್ಲ ಮಾಡಿದರು. ಐದನೆಯ ದಿನ ಬೆಳಿಗ್ಗೆ ಇವರು ಹೋದರು.

ಊರಿಗೆ ಸುದ್ದಿ ಮುಟ್ಟಿಸುವುದು ಹೇಗೆ ಎಂದು ನನಗೆ ತೋಚಲಿಲ್ಲ. ಆ ಕಡೆ ಹೊರಟಿದ್ದ ಸೈಕಲ್ಲಿನವನೊಬ್ಬನಿಗೆ ಹೇಳಿದೆ. ಅವನು ದಾರಿಯ ಮನೆಗಳಿಗೆಲ್ಲ ಹೇಳುತ್ತ ಹೋಗಿದ್ದ. ನಮ್ಮ ಗಾಡಿ ಊರಿನ ಕಡೆ ಹೊರಟಾಗ ಪ್ರತಿ ಮನೆಯವರೂ ರಸ್ತೆಗೆ ಬಂದು ನಿಂತಿದ್ದರು. ಮಂಜಪ್ಪಣ್ಣ ಆ ಕೊಡೆಯನ್ನು ಮಡಚಿ ಕೆಳಗೆ ಹಿಡಿದು ಬಿಸಿಲಿನಲ್ಲಿ ನಿಂತಿದ್ದ.

ಗಂಗಮ್ಮನ ಮನೆಯ ಮುಂದೆ ಮಾತ್ರ ಗಾಡಿ ನಿಲ್ಲಿಸಬೇಕಾಯಿತು. ಅವಳು ಮೊಮ್ಮಗನನ್ನು ಸೊಂಟದ ಮೇಲೆ ಇಟ್ಟುಕೊಂಡು ಕುಂಟುತ್ತ ರಸ್ತೆಯ ಮಧ್ಯಕ್ಕೇ ಬಂದಿದ್ದಳು. ಗಾಡಿಯ ಅಂಚು ಹಿಡಿದು ಇವರ ಮುಖದ ಹತ್ತಿರ ಬಗ್ಗಿದಳು. ಮೊದಲಿನ ಹಾಗೆಯೇ, ಪೇಟೆಗೆ ಹೊರಟವರಿಗೆ ಹೇಳುವ ಧ್ವನಿಯಲ್ಲಿ ಹೇಳಿದಳು.

"ಚೌಡಾ, ಹೆಂಗೂ ಹೊಂಟಿಯಲ್ಲ. ನಮ್ ಸರೋಜಂಗೆ ಹೇಳಾ, ಕೂಸು ನಿನ್ನೆ ಹೊಸಿಲು ದಾಟ್ತು ಅಂತ."

ಅಲ್ಲಿಯವರೆಗೆ ನಾನು ಅತ್ತಿರಲಿಲ್ಲ.

ಈಗ ಆ ರಸ್ತೆಗೆ ಟಾರು ಬಂದಿದೆ, ಬಸ್ಸುಗಳು ಮೇಲಿಂದ ಮೇಲೆ ಓಡುತ್ತವೆ. ಗಂಗಮ್ಮನೂ ಇಲ್ಲ. ಗಾಂಧಿ ಜಯಂತಿ ಬಂದಾಗ ನನಗೆ ನೆನಪಾಗುವುದು ಗೆದ್ದ ಹುಡುಗನ ಮುಖವಲ್ಲ, ಬಗಲಲ್ಲಿ ಕೊಡೆ ಇಟ್ಟುಕೊಂಡು ಗೆರೆ ದಾಟಿದ ಇವರ ಮುಖ. ಒಯ್ದ ಮಾತಿಗೆಲ್ಲ ಇವರು ತಿರುಗಿ ಬಂದು "ಮುಟ್ಟಿಸ್ದೆ" ಎಂದು ಹೇಳಿದ್ದರು. ಆ ಒಂದು ಮಾತಿಗೆ ಮಾತ್ರ ಇನ್ನೂ ಬಂದು ಹೇಳಿಲ್ಲ.