ಮೂರನೇ ಮರಿಯ ಪಾಲಿನ ಗಿಣ್ಣುಹಾಲು

ನಮ್ಮ ತೋಟಕ್ಕೆ ಯಾರೂ ಬರಿಗೈಯಲ್ಲಿ ಬರುವುದಿಲ್ಲ. ಖಾಲಿ ಡಬ್ಬಿ ಹಿಡಿದುಕೊಂಡು ಬರುತ್ತಾರೆ.

ಇದನ್ನು ಸಿಟ್ಟಿನಲ್ಲಿದ್ದಾಗಲೇ ಬರೆದುಬಿಡಬೇಕು. ಸಿಟ್ಟು ಇಳಿದ ಮೇಲೆ ಬರೆಯಲು ಕೂತರೆ ಎಲ್ಲರೂ ಒಳ್ಳೆಯವರಾಗಿ ಕಾಣತೊಡಗುತ್ತಾರೆ, ಆ ಅಪಾಯ ನನಗೆ ಬೇಡ.

ಕ್ಯಾಲಿಫೋರ್ನಿಯಾದ ಸ್ಯಾನ್ ಮಟಿಯೋದಿಂದ ಗುಡ್ಡ ಹತ್ತಿ ಸಮುದ್ರದ ಕಡೆಗೆ ಇಳಿದರೆ ನಮ್ಮ ಎರಡೂವರೆ ಎಕರೆ ಸಿಗುತ್ತದೆ. ಅಪ್ಪ ವಾರದಲ್ಲಿ ಐದು ದಿನ ಗುಡ್ಡದ ಆ ಕಡೆ ಆಫೀಸಿನಲ್ಲಿ ವಾದ ಮಾಡುತ್ತಾನೆ, ಉಳಿದೆರಡು ದಿನ ಈ ಕಡೆ ಬಿಲ ತೋಡುವ ಗೋಫರ್‌ಗಳ ಜೊತೆ. ಎರಡು ಕಡೆಯೂ ಅವನ ಮಾತು ಯಾರೂ ಕೇಳುವುದಿಲ್ಲ. ಅಮ್ಮನಿಗೆ ಫಾಸ್ಟರ್ ಸಿಟಿಯ ಒಂದು ಲ್ಯಾಬಿನಲ್ಲಿ ಕೆಲಸ. ವಾರವೆಲ್ಲ ಬಿಳಿ ಕೋಟು, ವಾರಾಂತ್ಯ ಗಮ್ ಬೂಟು. ತಂಗಿಗೆ ಹನ್ನೊಂದು ವರ್ಷ, ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ನಾನು ಇಲ್ಲಿಗೆ ಬಂದಾಗ ನಾಲ್ಕು ವರ್ಷದವನು. ಕನ್ನಡ ನನಗೆ ಅಂಟಿದ್ದು ಮನೆಗೆ ಬಂದವರನ್ನೆಲ್ಲ ಅಣಕಿಸುತ್ತ ಅಣಕಿಸುತ್ತ. ಅಪ್ಪನ ಕೆಮ್ಮು, ಅಮ್ಮನ 'ಬುಡು ಅತ್ಲಾಗೆ', ಮೈಸೂರಿನ ಅಂಕಲ್‌ಗಳ ನಿಧಾನ, ಬೆಂಗಳೂರಿನ ಆಂಟಿಯರ ಅವಸರ, ಎಲ್ಲವೂ ನನ್ನ ಗಂಟಲಿನಲ್ಲಿವೆ. ನನ್ನದೇ ಅಂತ ಒಂದು ದನಿ ಇದೆಯೇ ಎಂದು ಕೇಳಿದರೆ ತಂಗಿ 'ನೋಪ್' ಎನ್ನುತ್ತಾಳೆ.

ಋತು ಬದಲಾದ ಹಾಗೆ ನಮ್ಮಲ್ಲಿಗೆ ಬರುವ ಪಾತ್ರೆಗಳೂ ಬದಲಾಗುತ್ತವೆ. ಅಕ್ಟೋಬರಿನಲ್ಲಿ ಇಡೀ ಬೇ ಏರಿಯಾ ಹ್ಯಾಲೋವೀನ್ ಹಬ್ಬದ ಕುಂಬಳಕಾಯಿ ಹೊಲ ನೋಡಲು ಗುಡ್ಡ ದಾಟುತ್ತದೆ. ಆ ಶನಿವಾರಗಳಲ್ಲಿ ನಾವು ಗ್ರೋಸರಿಗೂ ಹೊರಡುವುದಿಲ್ಲ, ಆದರೆ ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದ ನಮ್ಮವರು ಟಾಯ್ಲೆಟ್ಟಿಗೆಂದು ಬಂದು ಕೊತ್ತಂಬರಿ ಕಿತ್ತುಕೊಂಡು ಹೋಗುತ್ತಾರೆ. ಬೇಸಿಗೆಯಲ್ಲಿ ಮಂಜು. ಅಪ್ಪ ಹಟ ಬಿಡದೆ ಅವರೆ ಹಾಕುತ್ತಾನೆ, ಅದು ಹೂ ಬಿಟ್ಟು, ಕಾಯಿ ಕಟ್ಟದೆ, ಮಂಜಿನಲ್ಲಿ ಮುದುಡುತ್ತದೆ. ಫಾವಾ ಬೀನ್ಸು ಮಾತ್ರ ಯಾರೂ ಕೇಳದಿದ್ದರೂ ಬೆಳೆಯುತ್ತದೆ, ಅದನ್ನೇ ಹಿತುಕಿ ಸಾರು ಮಾಡುತ್ತೇವೆ. ಅದಕ್ಕೂ ಡಬ್ಬಿ ಬರುತ್ತದೆ. ಫೆಬ್ರವರಿಯಲ್ಲಿ ಗುಡ್ಡವೆಲ್ಲ ಹಸಿರಾಗಿ, ಬೇಲಿಯ ಬದಿಗೆ ಸಾಸಿವೆ ಹಳದಿಯಾಗಿ, ನಮ್ಮ ಮೇಕೆಗೆ ದಿನ ತುಂಬುತ್ತದೆ.

ಆ ಭಾನುವಾರ ಬೆಳಕು ಹರಿಯುವಷ್ಟರಲ್ಲಿ ಅದು ಎರಡು ಮರಿ ಹಾಕಿತ್ತು. ಎರಡೂ ಎದ್ದು, ಬಿದ್ದು, ಮತ್ತೆ ಎದ್ದು, ಕೆಚ್ಚಲು ಹುಡುಕಿಕೊಂಡವು. ನನಗೆ ಖುಷಿ ತಡೆಯಲಿಲ್ಲ. ಖುಷಿಯಾದಾಗ ಬೇರೆಯವರು ಕುಣಿಯುತ್ತಾರೆ, ನಾನು ಬೇರೆಯವರಾಗುತ್ತೇನೆ. ಅಡುಗೆಮನೆಯ ಕಟ್ಟೆಯ ಮೇಲೆ ಅಮ್ಮನ ಫೋನಿತ್ತು. ಅವಳ ಸ್ನೇಹಿತರ ವಾಟ್ಸಾಪ್ ಗುಂಪಿಗೆ ಅಮ್ಮನ ದನಿಯಲ್ಲಿ ಒಂದು ಸಂದೇಶ ಬಿಟ್ಟೆ: "ನಮ್ ಮೇಕೆ ಈಯ್ತು ಕಣ್ರಪ್ಪಾ. ಗಿಣ್ಣು ಮಾಡ್ತೀವ್ನಿ, ಎಲ್ರೂ ಬಂದ್ಬುಡಿ. ಡಬ್ಬಿ ಮರೀಬ್ಯಾಡಿ!"

ಹತ್ತು ನಿಮಿಷದಲ್ಲಿ ಫೋನು ಟಣ್ ಟಣ್ ಎನ್ನತೊಡಗಿತು. 'ಹೊರಟ್ವಿ.' 'ಆನ್ ದಿ ವೇ.' ಕುಣಿಯುವ ಗೊಂಬೆಗಳು. ಅಮ್ಮ ಕೈ ಒರೆಸಿಕೊಂಡು ಬಂದು ಸಂದೇಶ ಒತ್ತಿ, ಪೂರ್ತಿ ಕೇಳಿದಳು.

"ಇಷ್ಟೊಂದು ಮೂಗ್ನಲ್ಲಿ ಮಾತಾಡ್ತೀನೇನ್ಲಾ ನಾನು?"

"ಜೋಕು ಅಂತ ಹೇಳ್ಬಿಡ್ತೀನಿ ಇರಮ್ಮ."

"ಬ್ಯಾಡ. ಗಿಣ್ಣಿಗೆ ಬನ್ನಿ ಅಂತ ಕರ್ದು, ಆಮ್ಯಾಲೆ ಬರ್ಬ್ಯಾಡಿ ಅನ್ನಕಾಯ್ತದಾ? ನನ್ ದನೀಲಿ ಕರ್ದಿದ್ದೀಯ. ನಾನ್ ಕರ್ದಂಗೇ."

ಈದ ಮನೆಯಿಂದ ಗಿಣ್ಣು ಹಂಚಬೇಕು, ಅದಕ್ಕಾಗಿ ಬಂದವರನ್ನು ಇಲ್ಲ ಎಂದು ಕಳಿಸಿದರೆ ಕೆಚ್ಚಲಿಗೆ ಒಳ್ಳೆಯದಲ್ಲ. ಅದು ಮಂಡ್ಯದ ಕಡೆಯ ಅಮ್ಮನ ನಂಬಿಕೆ. ಲ್ಯಾಬಿನ ಬಿಳಿ ಕೋಟಿನೊಳಗೂ ಅದು ಹಾಗೇ ಇದೆ. ಅಪ್ಪನಿಗೆ ಮೊದಲು ಹಿಂಡಿದ ಹಾಲೇ ಗಿಣ್ಣಿಗೆ ಶ್ರೇಷ್ಠ ಎಂಬ ಇನ್ನೊಂದು ನಂಬಿಕೆ. ಎರಡು ಮರಿಯೂ ಕುಡಿದದ್ದು ನೋಡಿ, ಸರಿ, ಇವುಗಳ ಪಾಲು ಮುಗಿಯಿತು ಅಂದುಕೊಂಡು ಒಂದು ಚೊಂಬು ಹಿಂಡಿಯೇಬಿಟ್ಟ.

"ಬಣ್ಣ ನೋಡ್ಲಾ, ಬಣ್ಣ!" ಎಂದು ನನ್ನ ಮೂಗಿನ ಹತ್ತಿರ ಹಿಡಿದ. ಅರಿಸಿನ ಕಲಸಿದ ಹಾಗಿತ್ತು. ಅಮ್ಮ ಅರ್ಧಕ್ಕೆ ಬೆಲ್ಲ, ಏಲಕ್ಕಿ ಬೆರೆಸಿ ಹಬೆಗಿಟ್ಟಳು. ಉಳಿದರ್ಧ ಎರಡನೆಯ ಸಲಕ್ಕೆಂದು ಫ್ರಿಜ್ಜಿಗೆ ಹೋಯಿತು.

ಕೊಟ್ಟಿಗೆಯಲ್ಲಿ ಮರಿಗಳ ಫೋಟೋ ತೆಗೆಯಲು ಹೋಗಿದ್ದ ತಂಗಿ ಬಾಗಿಲಲ್ಲಿ ಬಂದು ನಿಂತಳು.

"ದೇರ್ಸ್ ಎ ಥರ್ಡ್ ಒನ್," ಅಂದಳು. "ಇಟ್ಸ್ ನಾಟ್ ಮೂವಿಂಗ್."

ಹುಲ್ಲಿನ ಪಿಂಡಿಯ ಹಿಂದೆ ಬಿದ್ದಿತ್ತು. ತಾಯಿ ಅದನ್ನು ನೆಕ್ಕಿಯೇ ಇರಲಿಲ್ಲ, ಮೈಯೆಲ್ಲ ಲೋಳೆ. ನನ್ನ ಒಂದು ಬೂಟಿನಷ್ಟು ಉದ್ದ. ಬಾಯೊಳಗೆ ಬೆರಳಿಟ್ಟೆ, ನಾಲಿಗೆ ತಣ್ಣಗಿತ್ತು. ಪಕ್ಕೆ ಮಾತ್ರ ಒಮ್ಮೊಮ್ಮೆ ಏಳುತ್ತಿತ್ತು. ಟವೆಲಿನಲ್ಲಿ ಉಜ್ಜಿದೆವು. ತಂಗಿ ಹೇಳದೆಯೇ ತನ್ನ ಹೇರ್ ಡ್ರೈಯರ್ ತಂದಳು. ಮರಿಯನ್ನು ತಾಯಿಯ ಹತ್ತಿರ ಒಯ್ದರೆ ಅದು ಮೂಸಿ, ನಮ್ಮ ಕಡೆ ಒಮ್ಮೆ ನೋಡಿ, ಹಣೆಯಿಂದ ದಬ್ಬಿತು. ಪಶುವೈದ್ಯರ ನಂಬರಿಗೆ ಫೋನು ಮಾಡಿದರೆ ಒಂದು ಹೆಂಗಸಿನ ದನಿ ಸಕ್ಕರೆ ಪಾಕದಲ್ಲಿ ಅದ್ದಿದಂತೆ 'ನಿಮ್ಮ ಕರೆ ನಮಗೆ ಬಹಳ ಮುಖ್ಯ' ಎಂದು ಇಂಗ್ಲಿಷಿನಲ್ಲಿ ಹೇಳಿ, ಸೋಮವಾರ ಮಾಡಿ ಎಂದಿತು. ಅಷ್ಟು ಸಿಟ್ಟಿನಲ್ಲೂ ಆ ದನಿಯನ್ನು ನಾನು ಕಲಿತುಕೊಂಡೆ. ನನ್ನ ಜನ್ಮಕ್ಕಿಷ್ಟು.

ಅಪ್ಪ ಫೋನಿನಲ್ಲಿ ಏನೋ ಓದಿ ತಲೆ ಎತ್ತಿದ. ಮೊದಲ ಕೆಲವು ಗಂಟೆಗಳಲ್ಲಿ ಆ ಹಳದಿ ಹಾಲು ಹೊಟ್ಟೆಗೆ ಹೋಗದಿದ್ದರೆ ಮರಿ ಉಳಿಯುವುದು ಕಷ್ಟ. ಬೇಯಿಸಿದರೆ ಅದರ ಶಕ್ತಿ ಹೋಗುತ್ತದೆ. ಬೇಯದೆ ಉಳಿದದ್ದು ಫ್ರಿಜ್ಜಿನ ಅರ್ಧ ಚೊಂಬು ಮಾತ್ರ. ಕೆಚ್ಚಲಿನಲ್ಲಿ ಉಳಿದದ್ದಕ್ಕೆ ಎರಡು ಗಟ್ಟಿ ಮರಿಗಳು ಜೋತುಬಿದ್ದಿದ್ದವು. ಮೂವತ್ತು ವರ್ಷದ ಹಿಂದೆ ಮೇಕೆ ಕಾದದ್ದನ್ನು ವಾರಕ್ಕೊಮ್ಮೆ ನಮಗೆ ಹೇಳುವ ಮನುಷ್ಯ, ಮೇಕೆಯ ಹೊಟ್ಟೆಯಲ್ಲಿ ಇನ್ನೂ ಒಂದಿದೆಯೇ ಎಂದು ನೋಡಿರಲಿಲ್ಲ! ಹೇಳಬೇಕೆಂದು ಬಾಯಿ ತೆರೆದೆ. ಆಗಲೇ ಹೊರಗೆ ಕಾರಿನ ಬಾಗಿಲುಗಳು ಧಡ ಧಡ ಎಂದವು.

ನಾಲ್ಕು ಕಾರು. ಎಲ್ಲರಿಗಿಂತ ಮುಂದೆ ಕ್ಯುಪರ್ಟಿನೋದ ಡಾಕ್ಟರ್ ಆಂಟಿ, ಮಕ್ಕಳ ಡಾಕ್ಟರು, ಕೆನೆ ಬಣ್ಣದ ಪ್ಯಾಂಟು ಹಾಕಿಕೊಂಡು ಹಿಕ್ಕೆಗಳ ನಡುವೆ ಕುಂಟಾಬಿಲ್ಲೆ ಆಡುವಂತೆ ಹೆಜ್ಜೆ ಇಡುತ್ತ. ಹಿಂದೆ ಹೆಂಡತಿಯ ಜೊತೆ ಫಾಸ್ಟರ್ ಸಿಟಿಯ ಅಂಕಲ್, ಮೂಲ ಮೈಸೂರು, ಎರಡು ಕೈಯಲ್ಲೂ ಸ್ಟೀಲಿನ ಡಬ್ಬಿ.

"ಏನ್ ಪುಣ್ಯಾನ್ರೀ ನಿಮ್ದು!" ಆಂಟಿ ಅಮ್ಮನಿಗೆ ಹೇಳಿದರು. "ನಾವೂ ಎಲ್ಲಾ ಬಿಟ್ಟು ಹೀಗೇ ಬಂದ್ಬಿಡ್ಬೇಕು ಅನ್ಸತ್ತೆ. ಅಯ್ಯೋ, ವಾಸ್ನೆ ಯಾವಾಗ್ಲೂ ಹೀಗೇ ಇರತ್ತಾ?"

"ಮೇಕೆ ಗಿಣ್ಣು ಅಂದ್ರೆ ನಮ್ಮ ಮನೇವ್ರು ಸ್ವಲ್ಪ ಯೋಚ್ನೆ ಮಾಡಿದ್ರು," ಎಂದರು ಅಂಕಲ್. "ನಾನು ಹೇಳ್ದೆ, ಏಲಕ್ಕಿ ಹಾಕಿದ್ರೆ ಏನೂ ಗೊತ್ತಾಗಲ್ಲ ಕಣೇ, ಅಂತ."

ಇವರು ಹೀಗೇ. ರುಚಿ ಬೇಕು, ವಾಸನೆ ಬೇಡ. ಮೇಕೆ ಬೇಡ, ಅದರ ಗಿಣ್ಣು ಬೇಕು. ವಾರವೆಲ್ಲ ದುಡಿದ ನಮ್ಮಮ್ಮ ಭಾನುವಾರ ಇವರ ನೆನಪುಗಳಿಗೆ ಅಡುಗೆ ಮಾಡಿ ಹಾಕಬೇಕು. ಹಾಗೆಂದು ನಾನು ಕುದಿಯುತ್ತಿದ್ದೆ. ಕರೆದವನು ನಾನೇ ಎಂಬುದು ಕುದಿಯುವುದಕ್ಕೆ ಅಡ್ಡಿಯಾಗಲಿಲ್ಲ, ಇನ್ನಷ್ಟು ಸೌದೆಯಾಯಿತು.

ಬೆಂದಿದ್ದ ಗಿಣ್ಣನ್ನು ಅಮ್ಮ ಎಲ್ಲರಿಗೂ ತುಂಡು ಮಾಡಿ ಕೊಟ್ಟಳು. ತಟ್ಟೆ ನಿಮಿಷದಲ್ಲಿ ಖಾಲಿ. ಅಮ್ಮ ಫ್ರಿಜ್ಜಿನಿಂದ ಚೊಂಬು ತೆಗೆದಳು.

"ಓಹೋ, ಸೆಕೆಂಡ್ ಬ್ಯಾಚು!" ಅಂಕಲ್ ಡಬ್ಬಿಯ ಮುಚ್ಚಳ ತೆಗೆದರು.

ಅಮ್ಮ ಚೊಂಬನ್ನು ಸೆರಗಿಲ್ಲದ ಸ್ವೆಟರಿನ ಎದೆಗೆ ಒತ್ತಿಕೊಂಡಳು. "ಇಲ್ಲ ಅಣ್ಣ," ಅಂದಳು. ಬಂದವರಿಗೆ ಅವಳು ಇಲ್ಲ ಎಂದದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. "ಇದು ಮರೀಗೆ."

"ಅಷ್ಟೊಂದು ಹಾಲು ಒಂದು ಮರಿ ಕುಡಿಯತ್ತೇನ್ರೀ? ನಮ್ಗೊಂದು ಲೋಟ ಬಿಟ್ಕೊಡಿ ಸಾಕು. ಇಷ್ಟು ದೂರದಿಂದ ಬಂದಿದೀವಿ."

"ಅಂಕಲ್, ಅದು ಸಾಯ್ತಾ ಇದೆ!"

ಕೂಗಿದ್ದು ನಾನು. ಯಾರ ದನಿಯಲ್ಲಿ ಕೂಗಿದೆನೋ ಗೊತ್ತಾಗಲಿಲ್ಲ, ಮೊದಲು ಎಲ್ಲೂ ಕೇಳಿದ ದನಿಯಲ್ಲ. ಹಾಲನ್ನು ಬಿಸಿನೀರಿನಲ್ಲಿಟ್ಟು ಉಗುರುಬೆಚ್ಚಗೆ ಮಾಡಿ, ತಂಗಿಗೆ ಹಿಂದೆ ಔಷಧಿ ಹಾಕುತ್ತಿದ್ದ ಸಿರಿಂಜು ಹುಡುಕಿ, ಕೊಟ್ಟಿಗೆಗೆ ಓಡಿದೆ. ಮರಿಯ ತಲೆ ಮೇಲೆತ್ತಿ ಬಾಯೊಳಗೆ ಸಿರಿಂಜು ಇಟ್ಟೆ.

"ಏಯ್, ನಿಲ್ಸು! ತಲೆ ಹಾಗೆ ಎತ್ತಿದ್ರೆ ಹಾಲು ಲಂಗ್ಸಿಗೆ ಹೋಗತ್ತೆ!"

ಡಾಕ್ಟರ್ ಆಂಟಿ. ಹಿಂದೆಯೇ ಬಂದಿದ್ದರು. ನನ್ನ ಕೈಯಿಂದ ಮರಿಯನ್ನು ಕಿತ್ತುಕೊಂಡು, ಆ ಕೆನೆ ಬಣ್ಣದ ಪ್ಯಾಂಟಿನಲ್ಲಿ ಹಿಕ್ಕೆಯ ಮೇಲೆಯೇ ಚಕ್ಕಳಮಕ್ಕಳ ಹಾಕಿ ಕೂತರು. ಬಾಯೊಳಗೆ ಬೆರಳಿಟ್ಟು ನೋಡಿದರು.

"ನಾನು ಮೇಕೆ ಡಾಕ್ಟರಲ್ಲ. ಆದ್ರೆ ಇಷ್ಟು ತಣ್ಣಗಿರೋ ಮಗುಗೆ ಯಾರೂ ಹಾಲು ಹಾಕಲ್ಲ. ಮೊದ್ಲು ಬೆಚ್ಚಗಾಗ್ಬೇಕು. ಯಾರು ನಿಂಗೆ ಹೀಗೆ ಕುಡಿಸು ಅಂದಿದ್ದು?"

"ಯಾರೂ ಇಲ್ಲ ಆಂಟಿ."

"ಗೊತ್ತಾಗ್ತಾ ಇದೆ."

ಜಾಕೆಟ್ಟಿನ ಜಿಪ್ಪು ಇಳಿಸಿ ಮರಿಯನ್ನು ಒಳಗಿಟ್ಟು ಮತ್ತೆ ಎಳೆದುಕೊಂಡರು. ಗಲ್ಲದ ಕೆಳಗೆ ಎರಡು ಒದ್ದೆ ಕಿವಿ ಮಾತ್ರ ಕಾಣುತ್ತಿತ್ತು. ತಂಗಿ ಬಿಸಿನೀರಿನ ಬಾಟಲಿ ತಂದು ಕೊಟ್ಟಳು. ಕಾಯುವುದು ಬಿಟ್ಟರೆ ಮಾಡುವುದೇನೂ ಇರಲಿಲ್ಲ. ಆಂಟಿ ಕೂತಲ್ಲೇ ಹೇಳಿದರು:

"ಇವತ್ತು ಎಲ್ಲಾ ಕ್ಯಾನ್ಸಲ್ ಮಾಡಿ ಬಂದೆ ಗೊತ್ತಾ? ಇಷ್ಟು ವರ್ಷದಲ್ಲಿ ನಿಮ್ಮಮ್ಮ ತಾವಾಗಿ ಒಂದ್ಸಲಾನೂ ಕರ್ದಿರ್ಲಿಲ್ಲ. ಯಾವಾಗ್ಲೂ ನಾವೇ 'ಬರ್ತೀವಿ' ಅಂತ ಹೇಳ್ಕೊಂಡು ಬರ್ಬೇಕು. ಬೆಳಗ್ಗೆ ಆ ಮೆಸೇಜು ಕೇಳಿ ಎಷ್ಟು ಖುಷಿಯಾಯ್ತು ಅಂದ್ರೆ..."

ಸುಮ್ಮನಿರಬಹುದಿತ್ತು. ನನಗೆ ಸುಮ್ಮನಿದ್ದು ಅಭ್ಯಾಸವಿಲ್ಲ.

"ಆಂಟಿ, ಅದು ಅಮ್ಮ ಅಲ್ಲ. ನಾನು."

ಅವರು ನನ್ನನ್ನು ನೋಡಿದರು. ಬೈಯಲಿಲ್ಲ. ಮರಿಯ ಬೆನ್ನನ್ನು ಜಾಕೆಟ್ಟಿನ ಮೇಲಿನಿಂದಲೇ ಉಜ್ಜುವುದನ್ನು ಮುಂದುವರಿಸಿದರು, ಅಷ್ಟೆ. ಬೈದಿದ್ದರೆ ಅವರು ಮನೆಗೆ ಹೋದ ಮೇಲೆ ಅವರನ್ನು ಅಣಕಿಸಿ ಸರಿಮಾಡಿಕೊಳ್ಳುತ್ತಿದ್ದೆ. ಅದಕ್ಕೂ ದಾರಿ ಬಿಡಲಿಲ್ಲ. ಬೆಳಗಿನಿಂದ ಇಷ್ಟು ಕಷ್ಟಪಟ್ಟು ಸಿಟ್ಟು ಕೂಡಿಟ್ಟಿದ್ದೇನೆ, ಈಗ ಈ ಹೆಂಗಸು ಹಿಕ್ಕೆಯ ಮೇಲೆ ಕೂತು ಅದನ್ನು ಇಟ್ಟುಕೊಳ್ಳಲು ಜಾಗವಿಲ್ಲದಂತೆ ಮಾಡಿದರೆ ಹೇಗೆ? ನನಗೆ ಅನ್ಯಾಯವಾಗಿದೆ ಎಂದೇ ಈಗಲೂ ನನ್ನ ವಾದ.

ಸುಮಾರು ಹೊತ್ತಿನ ಮೇಲೆ ಮರಿ ಜಾಕೆಟ್ಟಿನೊಳಗೆ ಮಿಸುಕಿತು. ಬೆರಳಿಟ್ಟರೆ ನಾಲಿಗೆ ಬೆಚ್ಚಗೆ. ಆಂಟಿ ಅದರ ತಲೆ ನೆಟ್ಟಗಿಟ್ಟು, ಕೆನ್ನೆಯ ಬದಿಯಿಂದ ಒಂದೊಂದೇ ಹನಿ ಬಿಟ್ಟರು. "ಕುಡಿಯೋ ರಾಜಾ, ಕುಡಿಯೋ. ನಿಂಗೇ ಅಂತ ಇಟ್ಟಿರೋದು." ಮೊದಲ ನಾಲ್ಕು ಹನಿ ಹೊರಗೆ ಹರಿದವು. ಐದನೆಯದಕ್ಕೆ ಗಂಟಲು ಅಲುಗಿತು. ಚೊಂಬಿನಲ್ಲಿ ಎರಡು ಬೆರಳು ಹಾಲು ಇಳಿಯುವಷ್ಟರಲ್ಲಿ ಮರಿ ಸಿರಿಂಜನ್ನೇ ಕಚ್ಚತೊಡಗಿತು.

ಮಧ್ಯಾಹ್ನ ಮತ್ತೆ ತಾಯಿಯ ಹತ್ತಿರ ಒಯ್ದೆವು. ಮೇಕೆ ಮೂಸಿತು. ಮೂಸಿ ಜೋರಾಗಿ ಸೀನಿ ಗುದ್ದಲು ಬಂತು. ತಪ್ಪು ಮೇಕೆಯದಲ್ಲ. ಮರಿಯ ಮೈಯೆಲ್ಲ ಕ್ಯುಪರ್ಟಿನೋದ ಸೆಂಟು ಘಮಘಮಿಸುತ್ತಿತ್ತು.

"ಡಾಕ್ಟ್ರೇ, ನಮ್ ಮೇಕೆಗೆ ನಿಮ್ ವಾಸ್ನೆ ಆಗ್ತಾ ಇಲ್ಲ," ಎಂದಳು ಅಮ್ಮ. ಬೆಳಗಿನಿಂದ ಮೊದಲ ಸಲ ಯಾರೋ ನಕ್ಕರು. ನಕ್ಕವರು ಆಂಟಿಯೇ.

ಅಮ್ಮ ಉಳಿದೆರಡು ಮರಿಗಳು ಮಲಗಿದ್ದ ಒದ್ದೆ ಹುಲ್ಲನ್ನು ಹಿಡಿ ತುಂಬ ತಂದು ಮೂರನೆಯದರ ಮೈಗೆ ತಿಕ್ಕಿದಳು, ಬಾಲದ ಬುಡಕ್ಕೆ ತಾಯಿಯ ಹಾಲನ್ನೇ ಸವರಿದಳು. ಆ ಹಾಲಿನ ವಿಷಯ ಓದಿದ ಮೇಲೆ ಅಪ್ಪ ಯಾರ ಮುಖವನ್ನೂ ನೋಡಿರಲಿಲ್ಲ, ಬಂದು ಮೇಕೆಯ ಕೊರಳು ತಬ್ಬಿ ಹಿಡಿದ. ಅದು ಹಿಂಗಾಲು ಝಾಡಿಸತೊಡಗಿತು.

"ಅಣ್ಣ, ಸುಮ್ಕೆ ನಿಂತ್ಕಂಡ್ರೆ ಆಯ್ತದಾ? ಬನ್ನಿ, ಕಾಲ್ ಹಿಡೀರಿ," ಎಂದು ಅಮ್ಮ ಕರೆದದ್ದು ಫಾಸ್ಟರ್ ಸಿಟಿಯ ಅಂಕಲ್‌ರನ್ನು. ಅವರು ತಮ್ಮ ಬಿಳಿ ಶೂಗಳನ್ನು ನೋಡಿಕೊಂಡರು, ಹೆಂಡತಿಯನ್ನು ನೋಡಿದರು, ಆಮೇಲೆ ಮಂಡಿಯೂರಿ ಎರಡು ಕೈಯಲ್ಲಿ ಕಾಲು ಹಿಡಿದರು. ನಾನು ಮರಿಯ ಬಾಯನ್ನು ಮೊಲೆಗೆ ಹಚ್ಚಿದೆ. ಜಾರಿತು. ಮತ್ತೆ ಹಚ್ಚಿದೆ. ಮೇಕೆ ಕೊರಳು ತಿರುಗಿಸಿ ಮರಿಯ ಬಾಲ ಮೂಸಿತು, ನಾವೆಲ್ಲ ಅದರ ಮುಖವನ್ನೇ ನೋಡುತ್ತಿದ್ದೆವು. ಈ ಸಲ ಗುದ್ದಲಿಲ್ಲ. ಮರಿಯ ಬಾಲ ಟಪಟಪ ಅಲ್ಲಾಡಲು ಶುರುವಾಯಿತು. ಹಾಲು ಬಾಯಿಗೆ ಇಳಿದರೆ ಮಾತ್ರ ಅವು ಹಾಗೆ ಮಾಡುತ್ತವೆ.

ನನ್ನ ಸಿಟ್ಟು ಇನ್ನೂ ಮುಗಿದಿರಲಿಲ್ಲ. ಅಪ್ಪನಿಗೆ ಬೈಯುವಂತಿರಲಿಲ್ಲ, ಆಂಟಿಗೆ ಬೈಯುವಂತಿರಲಿಲ್ಲ. ಒಂದು ಲೋಟ ಬಿಟ್ಟುಕೊಡಿ ಎಂದ ಮನುಷ್ಯ ಮಾತ್ರ ಕೈಗೆ ಸಿಗುವಷ್ಟು ಹತ್ತಿರದಲ್ಲಿದ್ದ.

"ಏನ್ ಅಂಕಲ್, ಈಗಾದ್ರೂ..." ಎಂದು ಶುರುಮಾಡಿದೆ.

"ಶ್!" ಎಂದರು ಅಂಕಲ್, ಕಾಲು ಬಿಡದೆ, ಕಣ್ಣನ್ನು ಮರಿಯಿಂದ ತೆಗೆಯದೆ. "ಸುಮ್ನಿರಪ್ಪಾ ಒಂಚೂರು. ಕುಡೀತಾ ಇದೆ."