ಇಪ್ಪತ್ತಮೂರು ತಿರುವಿನ ಕನ್ನಡಿಯಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬೆಟ್ಟದ ರಸ್ತೆಯ ಮೊದಲ ತಿರುವಿನಲ್ಲಿ, ಕಂಬದ ಮೇಲಿನ ಉಬ್ಬುಗನ್ನಡಿಯತ್ತ ಉದ್ದನೆಯ ಕೋಲೊಂದು ಮೇಲೇರುತ್ತದೆ. ಕೋಲಿನ ತುದಿಗೆ ಒದ್ದೆ ಬಟ್ಟೆ, ಬುಡದಲ್ಲಿ ಕನ್ನಡಿಯಕ್ಕ. ಮೊದಲು ಇಬ್ಬನಿ, ಆಮೇಲೆ ಜೇಡರ ಬಲೆ, ಕೊನೆಗೆ ಹಕ್ಕಿಗಳು ಬಿಟ್ಟುಹೋದ ಕಾಣಿಕೆ ಒರೆಸುತ್ತಾರೆ. ಒಣಬಟ್ಟೆ ಕಟ್ಟಿ ಮತ್ತೊಂದು ಸುತ್ತು. "ಮುಖ ನೋಡ್ಕೊಳ್ಳೋಕಂತೂ ಅಲ್ಲಪ್ಪಾ, ಇದರಲ್ಲಿ ನಾನು ಕುಂಬಳಕಾಯಿ ಥರ ಕಾಣ್ತೀನಿ" ಎಂದು ನಗುತ್ತಾರೆ.

ಎಲೆಗಳು ಹಳದಿ, ಕೆಂಪಿಗೆ ತಿರುಗುವ ಈ ದಿನಗಳಲ್ಲಿ ಜನ ಈ ರಸ್ತೆಗೆ ಮುಗಿಬೀಳುತ್ತಾರೆ. ರಜೆಯ ದಿನ ಒಂದರಲ್ಲೇ ಆರುನೂರು ಗಾಡಿ, ಎಲ್ಲರ ಕಣ್ಣೂ ಮರಗಳ ಮೇಲೆ. ಎದುರಿಗೆ ಬರುವವರನ್ನು ತೋರಿಸುವುದು ಕನ್ನಡಿಯ ಕೆಲಸ, ಆ ಕನ್ನಡಿಯನ್ನು ಕನ್ನಡಿಯಾಗಿಡುವುದು ಅಕ್ಕನ ಕೆಲಸ. ದಿನಕ್ಕೆ ಇಪ್ಪತ್ತಮೂರು ತಿರುವು, ಒಂಬತ್ತು ಕಿಲೋಮೀಟರ್ ಏರು, ಹೆಗಲಿಗೆ ನೀರಿನ ಕ್ಯಾನು. ಹತ್ತೊಂಬತ್ತು ವರ್ಷ ಎಲ್ಲವೂ ಕಾಲ್ನಡಿಗೆಯಲ್ಲೇ. ಅಷ್ಟೂ ವರ್ಷದಲ್ಲಿ ಮುಖಾಮುಖಿ ಡಿಕ್ಕಿ ಒಂದೂ ಇಲ್ಲ. ಹಾಗಂತ ಯಾರೂ ಕಾರು ನಿಲ್ಲಿಸಿ ಥ್ಯಾಂಕ್ಸ್ ಹೇಳಿಲ್ಲ. ಹೇಳಿದ ಒಬ್ಬರೂ ದಾರಿ ಕೇಳಲು ನಿಲ್ಲಿಸಿದವರು.

ಈ ವರ್ಷ ರಸ್ತೆ ಕಚೇರಿಯಿಂದ ಬಂದ ಕಾಗದ ಅಕ್ಕನ ನಿದ್ದೆ ಕೆಡಿಸಿತು. ಬೆಟ್ಟದ ಆಚೆ ಬದಿಯವೂ ಸೇರಿ ಇನ್ನು ಮೇಲೆ ನಲವತ್ತೊಂದು ಕನ್ನಡಿ. ಕಚೇರಿಯೇ ಪುಟ್ಟ ವ್ಯಾನ್ ಕೊಡುತ್ತದೆ. ಮೂರು ತಿಂಗಳೊಳಗೆ ಲೈಸೆನ್ಸ್ ತೋರಿಸದಿದ್ದರೆ ಕೆಲಸ ಬೇರೆಯವರಿಗೆ. ಐವತ್ತೊಂದರ ಅಕ್ಕನಿಗೆ ಸೈಕಲ್ಲೂ ಬರುತ್ತಿರಲಿಲ್ಲ. "ನನ್ನ ಕನ್ನಡಿಗಳನ್ನ ಇನ್ಯಾರದೋ ಕೈಗೆ ಕೊಡೋದಾ? ಹೊಟ್ಟೆ ಉರಿದುಹೋಯ್ತು" ಎನ್ನುತ್ತಾರೆ.

ಶಾಲಾ ವ್ಯಾನ್ ಓಡಿಸುವ ನಾದಿನಿಯೇ ಗುರುವಾದಳು. ಕ್ಲಚ್ಚು, ಗೇರು ಹೇಗೋ ಕೈಗೆ ಬಂದವು. ಆದರೆ ಮೊದಲ ಪರೀಕ್ಷೆಯಲ್ಲಿ ಏಳನೇ ತಿರುವಿಗೆ ಬಂದವರೇ ಅಕ್ಕ ಗಾಡಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ರಸ್ತೆಬದಿಯ ಗೋಡೆ ಹತ್ತಿ, ಕನ್ನಡಿ ಮೇಲಿನ ಕಲೆಯನ್ನು ಸೆರಗಿನಲ್ಲಿ ಒರೆಸಿ ಬಂದು ಕೂತರು. "ಪರೀಕ್ಷೆ ನಿಮಗಮ್ಮಾ, ಕನ್ನಡಿಗಲ್ಲ" ಎಂದ ಪರೀಕ್ಷಕರು ಫೇಲ್ ಮಾಡಿದರು. ಎರಡನೇ ಸಲ ಅಕ್ಕ ಇಳಿಯಲಿಲ್ಲ. ಕಲೆಯನ್ನೇ ದಿಟ್ಟಿಸುತ್ತಾ ಬಿಳಿಗೆರೆ ದಾಟಿಬಿಟ್ಟರು. ಮತ್ತೆ ಫೇಲ್. ಉಳಿದದ್ದು ಒಂಬತ್ತು ದಿನ, ಒಂದೇ ಅವಕಾಶ.

ಆ ಸಂಜೆ ನಾದಿನಿ ರೇಗಿದಳು: "ಅತ್ತಿಗೆ, ನೀವು ಕನ್ನಡಿ ನೋಡ್ತೀರಿ. ಕನ್ನಡೀಲಿ ಏನು ಕಾಣ್ತಿದೆ ಅಂತ ನೋಡೋದೇ ಇಲ್ಲ!"

ಮಾತು ನೇರ ನಾಟಿತು. "ಹೌದಲ್ಲಾ ಅನ್ನಿಸ್ತು. ಇಷ್ಟು ವರ್ಷ ಬೇರೆಯವರಿಗೆ ಕಾಣ್ಲಿ ಅಂತ ಉಜ್ಜಿದ್ದೇ ಬಂತು."

ಮೂರನೇ ಪರೀಕ್ಷೆ, ಹದಿನಾಲ್ಕನೇ ತಿರುವು. ಪರೀಕ್ಷಕರು ತಲೆ ತಗ್ಗಿಸಿ ಏನೋ ಬರೆಯುತ್ತಿದ್ದರು. ಕನ್ನಡಿಯ ಅಂಚಿನಲ್ಲಿ ಆಗಷ್ಟೇ ಬಿದ್ದ ಹಕ್ಕಿ ಹಿಕ್ಕೆ. ಅಕ್ಕನ ಕೈ ತುರಿಸಿತು. ಆದರೆ ಅದರ ಪಕ್ಕದಲ್ಲೇ ಪ್ರವಾಸಿಗರ ಬಸ್ಸೊಂದು ಕಂಡಿತು, ಇವರ ಬದಿಗೇ ನುಗ್ಗಿ ಬರುತ್ತಿತ್ತು. ಅಕ್ಕ ಬ್ರೇಕ್ ಒತ್ತಿ, ಗಾಡಿಯನ್ನು ಬೆಟ್ಟದ ಮಗ್ಗುಲಿಗೆ ಸರಿಸಿ ನಿಲ್ಲಿಸಿದರು. ಬಸ್ಸು ಗೇಣಿನ ಅಂತರದಲ್ಲಿ ದಾಟಿಹೋಯಿತು. ಪರೀಕ್ಷಕರ ಪೆನ್ನು ಕಾಲಡಿ ಬಿದ್ದಿತ್ತು.

"ಅದು ಬರೋದು ಹೇಗಮ್ಮಾ ಗೊತ್ತಾಯ್ತು?"

"ಕನ್ನಡೀಲಿ ಕಾಣ್ತು ಸಾರ್. ಬೆಳಗ್ಗೆ ಒರೆಸಿದ್ದು ನಾನೇ."

ಪಾಸ್! ಕೆಳಗೆ ಕಾಯುತ್ತಿದ್ದ ನಾದಿನಿ ಊರಿಗೆಲ್ಲ ಕೇಳುವ ಹಾಗೆ ಶಾಲಾ ವ್ಯಾನಿನ ಹಾರ್ನ್ ಹೊಡೆದಳು. ಕಚೇರಿಯ ವ್ಯಾನಿನ ಕೀ ಈಗ ಅಕ್ಕನ ಸೊಂಟದಲ್ಲಿದೆ, ನಲವತ್ತೊಂದು ಕನ್ನಡಿಯೂ ಅವರದೇ.

ಕಳೆದ ಭಾನುವಾರ ನಾದಿನಿಯ ಕಾರಿನಲ್ಲಿ ಅವಳನ್ನೂ ತಮ್ಮ ಗಂಡನನ್ನೂ ಕೂರಿಸಿಕೊಂಡು ಅಕ್ಕ ತಾವೇ ಬೆಟ್ಟದ ತುದಿ ಮುಟ್ಟಿಸಿದರು. ಗಂಡ ದಾರಿಯುದ್ದಕ್ಕೂ "ನಿಧಾನ, ನಿಧಾನ" ಎಂದು ಜಪ ಮಾಡಿದ್ದು ಬೇರೆ ಮಾತು. ಮೇಲೆ ನಿಂತರೆ ಕಣಿವೆಗೆ ಕಣಿವೆಯೇ ಹೊನ್ನು, ಕೆಂಪು. ಬಾಯಿಬಿಟ್ಟುಕೊಂಡು ನಿಂತ ಅಕ್ಕನನ್ನು ಪಕ್ಕದ ಕಾರಿನವರು ಕೇಳಿದರು, "ಈ ಕಡೆ ಮೊದಲ್ನೇ ಸಲಾನಾ?"

"ಹತ್ತೊಂಬತ್ತು ವರ್ಷದಿಂದ ಬರ್ತಿದೀನಿ" ಎಂದರು ಅಕ್ಕ. "ನೋಡೋಕೆ ಅಂತ ಬಂದಿದ್ದು ಮಾತ್ರ ಇವತ್ತೇ."